ಕಾಣುವುದೂ ಬರೆಯುವುದೂ

ಪದವಿ ತರಗತಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಭೌತವಿಜ್ಞಾನದ ಪ್ರಯೋಗಶಾಲೆಗೆ ಬರುವ ಮೊದಲ ದಿನ ನಾನು ಅವರ ಕೈಗೆ ಯಾವ ಉಪಕರಣವನ್ನೂ ಕೊಡುವುದಿಲ್ಲ. ಮೇಜಿನ ಮೇಲೆ ಒಂದು ಗಾಜಿನ ಬೀಕರನ್ನಿಟ್ಟು, ಅರ್ಧದಷ್ಟು ನೀರು ತುಂಬಿ, ಇದರ ಚಿತ್ರ ತೆಗೆಯಿರಿ ಎನ್ನುತ್ತೇನೆ. ಹತ್ತು ನಿಮಿಷಗಳಾದ ಮೇಲೆ ಕಾಗದಗಳನ್ನು ತಿರುವಿ ನೋಡಿದರೆ ಕಾಣಬರುವುದು ಬಹುಮಟ್ಟಿಗೆ ಒಂದೇ ಚಿತ್ರ. ಬೀಕರಿನ ಬಾಯಿ ಮೇಲಿನಿಂದ ನೋಡಿದಂತೆ ಚಪ್ಪಟೆಯಾದ ಸುತ್ತಾಗಿ, ಎರಡು ತುದಿಗಳಲ್ಲಿ ಬಾದಾಮಿಯ ಬೀಜದಂತೆ ಚೂಪಾಗಿರುತ್ತದೆ. ತಳವಾದರೋ ಪಟ್ಟಿಯಿಟ್ಟು ಎಳೆದ ನೇರಗೆರೆ. ನೀರಿನ ಮಟ್ಟವೂ ನೇರಗೆರೆಯೇ. ಒಂದೇ ಪಾತ್ರೆಯ ಬಾಯನ್ನು ಎದ್ದು ನಿಂತವನ ಕಣ್ಣಿನಿಂದಲೂ, ತಳವನ್ನು ಮೇಜಿನ ಅಂಚಿಗೆ ಗಲ್ಲವೂರಿ ಕುಳಿತವನ ಕಣ್ಣಿನಿಂದಲೂ ನೋಡಿದಂತಾಯಿತು. ಅಂತಹ ಮನುಷ್ಯನು ಜಗತ್ತಿನಲ್ಲಿ ಇಲ್ಲ. ಆದರೆ ಅವನು ತೆಗೆದ ಚಿತ್ರ ಮಾತ್ರ ಪ್ರತಿ ವರ್ಷವೂ ನನ್ನ ಮೇಜಿಗೆ ಬರುತ್ತದೆ.

ಇದನ್ನು ತೋರಿಸಿಕೊಟ್ಟಾಗ ಬರುವ ಉತ್ತರವೂ ಪ್ರತಿ ವರ್ಷ ಒಂದೇ: "ಸರ್, ನನ್ನ ಕೈಗೆ ಚಿತ್ರ ಬರೂದಿಲ್ರಿ." ಜಮಖಂಡಿಯ ಹುಡುಗನೂ ಇದನ್ನೇ ಹೇಳುತ್ತಾನೆ, ಮುಧೋಳದಿಂದ ಬಸ್ಸಿನಲ್ಲಿ ಬರುವ ಹುಡುಗಿಯೂ ಇದನ್ನೇ ಹೇಳುತ್ತಾಳೆ. ಈ ಮಾತನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆಗಿಂತ ಹೆಚ್ಚಾಗಿ ಒಂದು ಬಗೆಯ ನಿಶ್ಚಿಂತೆ ಇರುತ್ತದೆ. ಹುಟ್ಟಿನಿಂದ ಬಾರದ್ದಕ್ಕೆ ಯಾರೂ ಹೊಣೆಯಲ್ಲವಷ್ಟೆ! ಆದರೆ ಈ ಮಾತು ಸುಳ್ಳೆಂದೂ, ವಿಜ್ಞಾನದ ವಿದ್ಯಾರ್ಥಿಗೆ ಇದರಷ್ಟು ನಷ್ಟ ತರುವ ಸುಳ್ಳು ಬೇರೊಂದಿಲ್ಲವೆಂದೂ ನನ್ನ ಅಭಿಪ್ರಾಯ.

ಮೊದಲು ಕೈಯ ವಿಷಯವನ್ನೇ ನೋಡೋಣ. ಕನ್ನಡದ ಲಿಪಿಯನ್ನು ಬರೆಯಬಲ್ಲವನು ತನ್ನ ಕೈಗೆ ಚಿತ್ರ ಬಾರದೆಂದು ಹೇಳುವುದು ಸೋಜಿಗವೇ ಸರಿ. 'ಅ'ಕಾರದ ಒಳಸುರುಳಿ, 'ಖ'ದ ಮೊಗ್ಗು, 'ಶ್ರೀ' ಎಂದು ಬರೆಯುವಾಗ ಕೆಳಗಿಳಿದು ಮೇಲೇರಿ ಮತ್ತೆ ಬಾಗುವ ಬಳುಕು - ಇವೆಲ್ಲವನ್ನೂ ಐದಾರು ವರ್ಷದ ಮಗು ಪಾಟಿಯ ಮೇಲೆ ಕಲಿತುಬಿಡುತ್ತದೆ. ಹದಿನೆಂಟು ವರ್ಷವಾಗುವಷ್ಟರಲ್ಲಿ ಅದೇ ಕೈ ಇಂತಹ ಸುತ್ತುಗಳನ್ನು ಲಕ್ಷಗಟ್ಟಲೆ ಎಳೆದಿರುತ್ತದೆ. ಬೀಕರಿನ ಬಾಯಿಗೆ ಬೇಕಾದದ್ದು 'ಠ'ಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಕೌಶಲವಲ್ಲ. ಆದಕಾರಣ ದೋಷವನ್ನು ಕೈಯಲ್ಲಿ ಹುಡುಕುವುದು ವ್ಯರ್ಥ.

ದೋಷವಿರುವುದು ನೋಟದಲ್ಲಿ. ಇನ್ನೂ ಸರಿಯಾಗಿ ಹೇಳುವುದಾದರೆ, ನೋಟ ಮುಗಿಯುವ ಮೊದಲೇ ಬಾಯಿ ಹಾಕುವ ತಿಳಿವಳಿಕೆಯಲ್ಲಿ. ಬೀಕರಿನ ತಳ ಮೇಜಿನ ಮೇಲೆ ಸಮನಾಗಿ ಕೂತಿದೆಯೆಂದು ನಮಗೆ ಗೊತ್ತು. ಸಮನಾದದ್ದನ್ನು ನೇರಗೆರೆಯಿಂದ ತೋರಿಸಬೇಕೆಂದೂ ಗೊತ್ತು. ಹೀಗೆ ಗೊತ್ತಿರುವುದನ್ನು ಕೈ ಬರೆದುಬಿಡುತ್ತದೆ. ಕಣ್ಣನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಅದು ಬೇರೆಯೇ ಹೇಳುತ್ತಿತ್ತು. ವೃತ್ತವನ್ನು ಓರೆಯಾಗಿ ನೋಡಿದಾಗ ಕಾಣುವುದು ದೀರ್ಘವೃತ್ತ. ಅದರ ತುದಿಗಳು ಎಷ್ಟೇ ಇಕ್ಕಟ್ಟಾದರೂ ದುಂಡಾಗಿಯೇ ತಿರುಗುತ್ತವೆ, ಎಲ್ಲಿಯೂ ಚೂಪಾಗುವುದಿಲ್ಲ. ಬಾಯಿ, ನೀರಿನ ಮಟ್ಟ, ತಳ ಈ ಮೂರೂ ವೃತ್ತಗಳೇ ಆದುದರಿಂದ ಮೂರೂ ದೀರ್ಘವೃತ್ತಗಳಾಗಿ ಕಾಣಬೇಕು. ಮೇಲಾಗಿ, ಬೀಕರು ನಮ್ಮ ಕಣ್ಣಿಗಿಂತ ಕೆಳಗಿರುವಾಗ ತಳದ ವೃತ್ತವನ್ನು ನಾವು ಬಾಯಿಗಿಂತ ಹೆಚ್ಚು ಮೇಲಿನಿಂದ ನೋಡುತ್ತಿರುತ್ತೇವೆ. ಆದಕಾರಣ ತಳವು ಬಾಯಿಗಿಂತಲೂ ಹೆಚ್ಚು ದುಂಡಾಗಿ ತೆರೆದುಕೊಳ್ಳುತ್ತದೆ. ಬೀಕರು ಇಲ್ಲದವರು ಮನೆಯ ತಂಬಿಗೆಯನ್ನೋ ಗಾಜಿನ ಲೋಟವನ್ನೋ ಮುಂದಿಟ್ಟುಕೊಂಡು ಈಗಲೇ ನೋಡಬಹುದು.

ಹನ್ನೊಂದನೆಯ ಶತಮಾನದ ಆದಿಯಲ್ಲಿ ದೃಗ್ವಿಜ್ಞಾನದ ಮಹಾಗ್ರಂಥವನ್ನು ಬರೆದ ಇಬ್ನ್ ಅಲ್-ಹೈಥಮ್ ಈ ಸಂಗತಿಯನ್ನು ಆಗಲೇ ಗುರುತಿಸಿದ್ದನು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಯೆಂದು ತೋರಿಸಿದುದರ ಜೊತೆಗೆ, ನೋಟವೆಂಬುದು ಬರಿಯ ಬೆಳಕಿನಿಂದ ಆಗುವುದಲ್ಲವೆಂದೂ, ಹಿಂದಿನ ಅರಿವಿನ ನೆರವಿನಿಂದ ಬುದ್ಧಿಯು ಅನುಮಾನಿಸಿ ತೀರ್ಮಾನಿಸುವುದು ಬಹಳವಿದೆಯೆಂದೂ ಅವನು ಹೇಳಿದನು. ನಿತ್ಯಜೀವನಕ್ಕೆ ಈ ತೀರ್ಮಾನವು ಬಹು ಉಪಕಾರಿ. ಎತ್ತಿನ ಗಾಡಿ ದೂರ ಹೋದಂತೆ ಚಿಕ್ಕದಾಯಿತೆಂದು ಯಾರೂ ಗಾಬರಿಪಡುವುದಿಲ್ಲ. ಆದರೆ ಚಿತ್ರ ತೆಗೆಯುವಾಗ ಇದೇ ಉಪಕಾರವು ಅಡ್ಡಬರುತ್ತದೆ.

ಇದಕ್ಕೆ ಒಂದು ಸುಲಭವಾದ ಪರೀಕ್ಷೆಯುಂಟು. ಹುಣ್ಣಿಮೆಯ ಸಂಜೆ ಚಂದ್ರನು ಮೂಡುತ್ತಿರುವಾಗ ಊರ ಹೊರಗೆ ಹೋಗಿ ನಿಲ್ಲಿರಿ. ಕಬ್ಬಿನ ಹೊಲದಾಚೆ ಅವನು ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಾನೆ. ಒಂದು ಸಾಮಾನ್ಯ ಪೆನ್ಸಿಲನ್ನು ಹಿಡಿದು ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಅದನ್ನು ಚಂದ್ರನ ಮೇಲೆ ಅಡ್ಡ ಹಿಡಿಯಿರಿ. ಇಡೀ ಚಂದ್ರನು ಪೆನ್ಸಿಲಿನ ಹಿಂದೆ ಅಡಗಿಹೋಗುತ್ತಾನೆ! ಪೆನ್ಸಿಲಿನ ದಪ್ಪ ಸುಮಾರು 7 ಮಿಲಿಮೀಟರು, ಚಾಚಿದ ತೋಳಿನ ಅಂತರ ಸುಮಾರು 60 ಸೆಂಟಿಮೀಟರು. ಅದು ಕಣ್ಣಿನಲ್ಲಿ ಮಾಡುವ ಕೋನ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಚಂದ್ರನದಾದರೋ ಸುಮಾರು ಅರ್ಧ ಡಿಗ್ರಿಯೇ. ರಾತ್ರಿ ಚಂದ್ರನು ನೆತ್ತಿಗೆ ಬಂದಾಗ ಮತ್ತೊಮ್ಮೆ ಪೆನ್ಸಿಲು ಹಿಡಿದು ನೋಡಿದರೆ ಆಗಲೂ ಅಷ್ಟೇ. ದೊಡ್ಡದಾಗಿ ಕಂಡದ್ದು ಚಂದ್ರನಲ್ಲ, ನಮ್ಮ ತೀರ್ಮಾನ. ಚಿತ್ರಕಾರರು ತೋಳು ಚಾಚಿ ಪೆನ್ಸಿಲು ಹಿಡಿದು ಒಂದು ಕಣ್ಣು ಮುಚ್ಚುವುದನ್ನು ಕಂಡು ಅದೊಂದು ಠೀವಿಯೆಂದು ನಾನು ಬಹುಕಾಲ ತಿಳಿದಿದ್ದೆನು. ಅದು ಕೋನವನ್ನು ಅಳೆಯುವ ಉಪಕರಣವೆಂದು ತಿಳಿದದ್ದು ಮೂವತ್ತು ದಾಟಿದ ಮೇಲೆ.

ಚಂದ್ರನ ಮಾತು ಬಂದುದರಿಂದ ಬಿದಿಗೆ ತದಿಗೆಯ ಚಂದ್ರನನ್ನೂ ಸ್ವಲ್ಪ ನೋಡಬೇಕು. ವಿದ್ಯಾರ್ಥಿಗಳಿಗೆ ಅದನ್ನು ಬರೆಯಹೇಳಿದರೆ ಕುಡುಗೋಲಿನಂತೆ ಬಾಗಿಸಿ, ಎರಡೂ ಕೊಂಬುಗಳನ್ನು ಅರ್ಧ ಸುತ್ತಿಗಿಂತ ಮುಂದಕ್ಕೆ ಎಳೆದು, ನಡುವೆ ಒಂದು ನಕ್ಷತ್ರವನ್ನೂ ಇಟ್ಟುಬಿಡುತ್ತಾರೆ. ಆ ನಕ್ಷತ್ರವು ಅಲ್ಲಿ ಕಾಣಬೇಕಾದರೆ ಚಂದ್ರನ ಗೋಳದಲ್ಲಿ ರಂಧ್ರವಿರಬೇಕು! ಕೊಂಬುಗಳ ಸಂಗತಿ ಇನ್ನೂ ಸ್ವಾರಸ್ಯವಾದುದು. ಚಂದ್ರನ ಮೇಲೆ ಬೆಳಕೂ ಕತ್ತಲೆಯೂ ಕೂಡುವ ಗೆರೆ ಗೋಳದ ಸುತ್ತಲೂ ಹಾಯುವ ಒಂದು ಪೂರ್ಣವೃತ್ತ. ನಾವು ಅದನ್ನು ಓರೆಯಾಗಿ ನೋಡುತ್ತೇವೆ. ಎಂದರೆ ಬಾಲಚಂದ್ರನ ಒಳ ಅಂಚು ಅರ್ಧ ದೀರ್ಘವೃತ್ತ. ಬೀಕರಿನ ಬಾಯನ್ನು ಸರಿಯಾಗಿ ಬರೆಯಬಲ್ಲವನಿಗೆ ಚಂದ್ರನ ಒಳ ಅಂಚು ಆಗಲೇ ಬಂದಿದೆ. ಕೊಂಬುಗಳು ಯಾವಾಗಲೂ ಒಂದು ವ್ಯಾಸದ ಎರಡು ತುದಿಗಳಲ್ಲಿಯೇ ಇರತಕ್ಕದ್ದು. ಅದಕ್ಕಿಂತ ಮುಂದೆ ಹೋಗಲಾರವು.

ಆ ಕೊಂಬುಗಳು ಯಾವ ಕಡೆಗೆ ಮುಖಮಾಡಿವೆಯೆಂಬುದನ್ನೂ ನೋಡಬೇಕು. ಪುಸ್ತಕಗಳಲ್ಲಿ ಬಾಲಚಂದ್ರನು ನೆಟ್ಟಗೆ ನಿಂತಿರುತ್ತಾನೆ. ಉತ್ತರ ಯುರೋಪಿನ ಆಕಾಶಕ್ಕೆ ಅದು ಹೆಚ್ಚು ಒಪ್ಪುವ ಭಂಗಿ. ಜಮಖಂಡಿ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಫೆಬ್ರುವರಿ ಮಾರ್ಚಿನ ಸಂಜೆ ನಮ್ಮ ಪಶ್ಚಿಮದ ದಿಗಂತಕ್ಕೆ ಸೂರ್ಯಪಥವು ಬಹುಮಟ್ಟಿಗೆ ಲಂಬವಾಗಿ ಇಳಿಯುವುದರಿಂದ, ಆಗಿನ ಬಾಲಚಂದ್ರನು ದೋಣಿಯಂತೆ ಎರಡೂ ಕೊಂಬುಗಳನ್ನು ಮೇಲಕ್ಕೆತ್ತಿ ಮಲಗಿರುತ್ತಾನೆ. ಸೆಪ್ಟೆಂಬರಿನಲ್ಲಿ ಅದೇ ಚಂದ್ರನು ಪಕ್ಕಕ್ಕೆ ವಾಲುತ್ತಾನೆ. ನಮ್ಮೂರಿನ ಮಾಳಿಗೆಯ ಮೇಲೆ ನಿಂತು ಪ್ರತಿ ತಿಂಗಳ ತದಿಗೆಯ ದಿನ ಎರಡು ನಿಮಿಷಗಳ ಒಂದು ಚಿತ್ರ ತೆಗೆದವನಿಗೆ ವರ್ಷದ ಕೊನೆಗೆ ಇದು ಯಾರೂ ಹೇಳಿಕೊಡದೆ ತಿಳಿದಿರುತ್ತದೆ. ಓದಿ ತಿಳಿದವನಿಗಿಂತ ಅವನ ತಿಳಿವು ಗಟ್ಟಿಯಾದುದು.

ನೋಟವನ್ನು ಪಳಗಿಸುವುದರಿಂದ ವಿಜ್ಞಾನಕ್ಕೆ ಆಗುವ ಲಾಭಕ್ಕೆ ಚರಿತ್ರೆಯಲ್ಲಿ ಪ್ರಸಿದ್ಧವಾದ ನಿದರ್ಶನವೂ ಚಂದ್ರನದೇ. 1609ರ ಬೇಸಗೆಯಲ್ಲಿ ಇಂಗ್ಲೆಂಡಿನ ತಾಮಸ್ ಹ್ಯಾರಿಯಟ್ಟನು ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರವೊಂದನ್ನು ತೆಗೆದನು. ಅವನು ಸಾಮಾನ್ಯನಲ್ಲ; ಗಣಿತದಲ್ಲಿ ತನ್ನ ಕಾಲದ ಮೇಧಾವಿಗಳ ಸಾಲಿನವನು. ಅವನ ಚಿತ್ರದಲ್ಲಿ ಬೆಳಕು ಕತ್ತಲೆಗಳ ಗಡಿ ಸೊಟ್ಟಸೊಟ್ಟಾಗಿದೆ, ಅಲ್ಲಲ್ಲಿ ಕಲೆಗಳಿವೆ, ಅಷ್ಟೇ. ಕೆಲವು ತಿಂಗಳ ಅನಂತರ ಗೆಲಿಲಿಯೋ ಅದೇ ಗಡಿಯನ್ನು ನೋಡಿದಾಗ, ಕತ್ತಲೆಯ ಭಾಗದಲ್ಲಿ ಹೊಳೆಯುವ ಚುಕ್ಕೆಗಳನ್ನು ಬೆಟ್ಟದ ತುದಿಗಳೆಂದೂ, ಬೆಳಕಿನ ಭಾಗದ ಕಪ್ಪನ್ನು ತಗ್ಗುಗಳ ನೆರಳೆಂದೂ ಓದಿದನು. 1610ರಲ್ಲಿ ಅವನ ಗ್ರಂಥವು ಚಿತ್ರಸಹಿತವಾಗಿ ಪ್ರಕಟವಾಯಿತು. ಅದಾದ ಮೇಲೆ ಹ್ಯಾರಿಯಟ್ಟನ ಚಿತ್ರಗಳಲ್ಲಿಯೂ ಕುಳಿಗಳು ಕಾಣತೊಡಗಿದವು! ಗೆಲಿಲಿಯೋನ ದೂರದರ್ಶಕವು ಹೆಚ್ಚು ಶಕ್ತಿಯುಳ್ಳದ್ದಾಗಿತ್ತೆಂಬುದನ್ನು ಮರೆಯಬಾರದು. ಆದರೂ ನೆರಳು ಬೆಳಕುಗಳಿಂದ ಉಬ್ಬು ತಗ್ಗುಗಳನ್ನು ತೋರಿಸುವ ಚಿತ್ರವಿದ್ಯೆಯನ್ನು ಅವನು ಫ್ಲಾರೆನ್ಸಿನ ಕಲಾವಿದರ ಒಡನಾಟದಲ್ಲಿ ಬಲ್ಲವನಾಗಿದ್ದನೆಂಬುದೂ, 1613ರಲ್ಲಿ ಅಲ್ಲಿಯ ಚಿತ್ರಕಲಾ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತೆಂಬುದೂ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇರಲಿ, ಫ್ಲಾರೆನ್ಸಿನಿಂದ ರಬಕವಿ ಬನಹಟ್ಟಿಗೆ ಬರೋಣ. ಅವಳಿ ಊರುಗಳ ಓಣಿಗಳಲ್ಲಿ ಮಗ್ಗದ ಸದ್ದು ಕೇಳದ ಹೊತ್ತು ಕಡಿಮೆ. ಅಲ್ಲಿಯ ವಿದ್ಯಾರ್ಥಿಗಳು ಬಹಳ ಮಂದಿ ನೇಕಾರರ ಮನೆಯವರು. ಚಿತ್ರ ಬರುವುದಿಲ್ಲವೆಂದು ಅವರು ಹೇಳಿದಾಗ ನನಗೆ ಇನ್ನಷ್ಟು ಆಶ್ಚರ್ಯವಾಗುತ್ತದೆ. ಸೀರೆಯ ದಡಿಯಲ್ಲಿ ಒಂದು ಹೂವು ಬರಬೇಕಾದರೆ ಮೊದಲು ಅದನ್ನು ಚೌಕಳಿ ಕಾಗದದ ಮೇಲೆ ಬರೆಯಬೇಕು. ಕಾಗದದ ಒಂದೊಂದು ಉದ್ದಸಾಲು ಹಾಸಿನ ಎಳೆಗೆ, ಒಂದೊಂದು ಅಡ್ಡಸಾಲು ಹೊಕ್ಕಿನ ಎಳೆಗೆ ಗುರುತು. ಬಣ್ಣ ತುಂಬಿದ ಚೌಕದಲ್ಲಿ ಹಾಸಿನ ಎಳೆ ಮೇಲೇಳಬೇಕು, ಖಾಲಿ ಚೌಕದಲ್ಲಿ ಕೆಳಗಿರಬೇಕು. ಆ ಕಾಗದವನ್ನು ನೋಡಿ, ಸಾಲಿಗೊಂದರಂತೆ ಕಾರ್ಡುಗಳಲ್ಲಿ ತೂತು ಹೊಡೆಯುತ್ತಾರೆ. ತೂತಿದ್ದ ಕಡೆ ಕೊಕ್ಕೆಯು ಎಳೆಯನ್ನು ಎತ್ತುತ್ತದೆ, ತೂತಿಲ್ಲದ ಕಡೆ ಬಿಡುತ್ತದೆ. ಲಾಳಿ ಒಮ್ಮೆ ಹಾಯ್ದೊಡನೆ ಮುಂದಿನ ಕಾರ್ಡು. ಫ್ರಾನ್ಸಿನ ಜಕಾರ್ಡನು 1804ರ ಸುಮಾರಿಗೆ ರೂಪಿಸಿದ ಈ ಯಂತ್ರದ ತತ್ತ್ವ ಗಣಕಯಂತ್ರಗಳ ಪೂರ್ವಜರಿಗೂ ದಾರಿ ತೋರಿತೆಂಬುದನ್ನು ಓದುಗರು ಬಲ್ಲರು. ಈಗ ಚೌಕಗಳನ್ನು ತುಂಬುವ ಕೆಲಸವೂ ಎಷ್ಟೋ ಕಡೆ ಗಣಕಯಂತ್ರದ ಮೇಲೆಯೇ ನಡೆಯುತ್ತದೆ.

ನನಗೆ ಹೇಳಬೇಕಾಗಿರುವುದು ಬೇರೆ. ಕಾಗದದ ಮೇಲೆ ಬಹುಕಾಲ ಡಿಸೈನು ತೆಗೆದ ವಯಸ್ಸಾದವರೊಬ್ಬರ ಮನೆಗೆ ನಾನು ಒಮ್ಮೆ ಹೋಗಿದ್ದೆನು. ಅವರು ಬರೆದದ್ದಕ್ಕಿಂತ ನೋಡಿದ್ದೇ ಹೆಚ್ಚು. ನಾಲ್ಕು ಸಾಲು ತುಂಬುವುದು, ಕಾಗದವನ್ನು ಗೋಡೆಗಾನಿಸಿ ಹಿಂದಕ್ಕೆ ಸರಿದು ನೋಡುವುದು, ತಲೆಕೆಳಗು ಮಾಡಿ ನೋಡುವುದು, ಎಣಿಸುವುದು, ಮತ್ತೆ ನಾಲ್ಕು ಸಾಲು. ತಲೆಕೆಳಗು ಏಕೆಂದು ಕೇಳಿದ್ದಕ್ಕೆ, "ನೆಟ್ಟಗಿದ್ರ ಅದು ಹೂವು ಅಂತ ಗೊತ್ತಿರತೈತ್ರಿ, ತಿರುವಿಟ್ರ ಗೆರೀ ಅಷ್ಟ ಕಾಣತಾವ" ಎಂದರು. ಇಬ್ನ್ ಅಲ್-ಹೈಥಮನು ಗ್ರಂಥವನ್ನೇ ಬರೆದು ಹೇಳಿದ ಮಾತಿನ ಪ್ರಯೋಗ ಇದು! ಚಿತ್ರ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ಅಷ್ಟು ಎಚ್ಚರವೇಕೆಂದರೆ, ಒಂದು ಚೌಕ ತಪ್ಪಿದರೆ ಒಂದು ತೂತು ತಪ್ಪುತ್ತದೆ. ಒಂದು ತೂತು ತಪ್ಪಿದರೆ ದಡಿಯುದ್ದಕ್ಕೂ ಆ ಹೂವು ಬಂದಷ್ಟು ಸಲವೂ ಅದೇ ಎಳೆ ತಪ್ಪುತ್ತದೆ.

ನಮ್ಮ ಪ್ರಯೋಗಶಾಲೆಯ ಜರ್ನಲುಗಳಲ್ಲಿ ಆಗುತ್ತಿರುವುದೂ ಇದೇ. ವಿದ್ಯಾರ್ಥಿಯು ತನ್ನ ಮುಂದಿರುವ ಉಪಕರಣವನ್ನು ನೋಡಿ ಚಿತ್ರ ತೆಗೆಯುವುದಿಲ್ಲ. ಹಿಂದಿನ ವರ್ಷದವನ ಜರ್ನಲನ್ನು ನೋಡಿ ತೆಗೆಯುತ್ತಾನೆ. ಅವನು ಅದರ ಹಿಂದಿನವನದನ್ನು. ಒಂದು ವಿದ್ಯುನ್ಮಂಡಲದ ಚಿತ್ರದಲ್ಲಿ ಯಾರೋ ಒಬ್ಬನು ಬ್ಯಾಟರಿಯ ಗುರುತನ್ನು ತಿರುವುಮುರುವಾಗಿ ಹಾಕಿದ್ದನ್ನು ನಾನು ಸಾಲಾಗಿ ಹಲವು ವರ್ಷ ತಿದ್ದಿದ್ದೇನೆ. ಮೊದಲು ತಪ್ಪಿದವನು ಈಗ ಎಲ್ಲಿಯೋ ನೌಕರಿಯಲ್ಲಿರಬೇಕು. ಅವನ ತಪ್ಪು ಮಾತ್ರ ಇಲ್ಲಿಯೇ ನೇಯ್ದುಕೊಳ್ಳುತ್ತಿದೆ.

ಆದರೆ ಇದರಲ್ಲಿ ವಿದ್ಯಾರ್ಥಿಗಳನ್ನಷ್ಟೇ ದೂಷಿಸಿದರೆ ನ್ಯಾಯವಾಗದು. ಕೆಲವು ವರ್ಷಗಳ ಹಿಂದೆ ನೀರಿರುವ ಬೀಕರಿನಲ್ಲಿ ಒಂದು ಪೆನ್ಸಿಲನ್ನು ನಿಲ್ಲಿಸಿ, ಕಂಡದ್ದನ್ನು ಬರೆಯಿರೆಂದು ಹೇಳಿದ್ದೆನು. ಬೆಳಕಿನ ವಕ್ರೀಭವನದ ಪಾಠ ಅದೇ ತಾನೆ ಮುಗಿದಿತ್ತು. ಎಲ್ಲರೂ ಓರೆಯಾಗಿ ನಿಂತ ಪೆನ್ಸಿಲು ನೀರಿನ ಮಟ್ಟದಲ್ಲಿ ಬಾಗಿದಂತೆ, ಪಠ್ಯಪುಸ್ತಕದಲ್ಲಿದ್ದ ಹಾಗೆಯೇ ತೆಗೆದಿದ್ದರು. ಹಿಂದಿನ ಬೆಂಚಿನ ಬನಹಟ್ಟಿಯ ಕಡೆಯ ಹುಡುಗಿಯೊಬ್ಬಳು ಮಾತ್ರ ಬೇರೆ ರೀತಿ ತೆಗೆದಿದ್ದಳು. ಅವಳ ಪೆನ್ಸಿಲು ನೀರಿನ ಮಟ್ಟದಲ್ಲಿ ಕಡಿದು ಎರಡು ತುಂಡಾಗಿತ್ತು. ಕೆಳಗಿನ ತುಂಡು ಮೇಲಿನದಕ್ಕಿಂತ ದಪ್ಪವಾಗಿ, ಒಂದು ಪಕ್ಕಕ್ಕೆ ಸರಿದು ನಿಂತಿತ್ತು. ಪಾಠವನ್ನು ಗಮನಿಸಿಲ್ಲವೆಂದು ನಾನು ಅಂಕ ಕಳೆದೆನು. ಸಂಜೆ ಬಾಗಿಲು ಹಾಕುವ ಮುನ್ನ, ಏನೋ ಅನುಮಾನ ಬಂದು, ಅವಳು ಕೂತಿದ್ದ ಜಾಗದಲ್ಲಿ ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದೆನು. ಪೆನ್ಸಿಲು ಎರಡು ತುಂಡಾಗಿತ್ತು. ನೀರು ತುಂಬಿದ ದುಂಡು ಬೀಕರು ಒಂದು ಮಸೂರವಷ್ಟೆ; ನಡುವಿನಿಂದ ಪಕ್ಕಕ್ಕಿರುವ ಪೆನ್ಸಿಲನ್ನು ಅದು ಅಡ್ಡಗಲಕ್ಕೆ ಹಿಗ್ಗಿಸಿ ಇನ್ನಷ್ಟು ಪಕ್ಕಕ್ಕೆ ತಳ್ಳುತ್ತದೆ. ಇಷ್ಟನ್ನು ನಾನೇ ಮಸೂರದ ಪಾಠದಲ್ಲಿ ಹೇಳುವವನು. ಮರುದಿನ ಅವಳನ್ನು ಕರೆದು, "ತಂಗಿ, ನಿನ್ನ ಚಿತ್ರವೇ ಸರಿ, ಜರ್ನಲು ತಾ, ಅಂಕ ತಿದ್ದುತ್ತೇನೆ" ಎಂದೆನು. "ಆ ಹಾಳಿ ಹರದೀನ್ರಿ ಸರ್, ಎಲ್ಲಾರ ಹಂಗ ತಗದೀನ್ರಿ" ಎಂದು ಹೊಸ ಪುಟವನ್ನು ತೋರಿಸಿದಳು. ಪಕ್ಕದವಳ ಜರ್ನಲಿನಿಂದ ಅಚ್ಚುಕಟ್ಟಾಗಿ ಇಳಿಸಿದ, ಬಾಗಿದ ಪೆನ್ಸಿಲು.

ಹರಿಯುವ ಈ ಅಭ್ಯಾಸವು ರಬ್ಬರಿನಿಂದ ಮೊದಲಾಗುತ್ತದೆಯೆಂದು ನಾನು ತಿಳಿದಿದ್ದೇನೆ. ಗೆರೆಯೊಂದನ್ನು ಎಳೆಯುವುದಕ್ಕೆ ಮುಂಚೆಯೇ ಎಡಗೈಯಲ್ಲಿ ರಬ್ಬರು ಸಿದ್ಧವಾಗಿರುತ್ತದೆ. ಎಳೆದದ್ದು ತಪ್ಪೆನಿಸಿದೊಡನೆ ಉಜ್ಜಿಹಾಕಿ ಮತ್ತೆ ಎಳೆದರೆ, ಬಹುಪಾಲು ಮತ್ತೆ ಅದೇ ತಪ್ಪು ಅದೇ ಜಾಗದಲ್ಲಿ ಬರುತ್ತದೆ. ಎಲ್ಲಿ ತಪ್ಪಿತ್ತೆಂದು ತೋರಿಸಬೇಕಾದ ಗೆರೆಯನ್ನೇ ಅಳಿಸಿಬಿಟ್ಟೆವಲ್ಲ! ಅಳಿಸದೆ ಪಕ್ಕದಲ್ಲಿ ಇನ್ನೊಂದು ಗೆರೆಯನ್ನೆಳೆದರೆ ಮೊದಲನೆಯದು ಅಳತೆಗೋಲಾಗುತ್ತದೆ. ಪ್ರಯೋಗದ ಅಂಕಿಗಳನ್ನು ಅಳಿಸಕೂಡದು, ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಬರೆಯಬೇಕೆಂದು ನಾವು ಕಟ್ಟುನಿಟ್ಟಾಗಿ ಹೇಳುತ್ತೇವೆ. ಗೆರೆಗಳಿಗೆ ಬೇರೆ ನ್ಯಾಯವೇಕೆ?

ನಮ್ಮ ಮನೆಗಳ ಅಂಗಳದಲ್ಲಿ ರಬ್ಬರಿಲ್ಲದ ಚಿತ್ರಶಾಲೆಯೊಂದು ದಿನಾಲೂ ನಡೆಯುತ್ತದೆ. ನಸುಕಿನಲ್ಲಿ ಸಾರಿಸಿದ ನೆಲದ ಮೇಲೆ ಚುಕ್ಕಿಯಿಟ್ಟು ರಂಗೋಲಿ ಹಾಕುವ ತಾಯಂದಿರನ್ನು ನೋಡಿರಿ. ಬೆರಳ ಸಂದಿನಿಂದ ಹಿಟ್ಟು ಒಮ್ಮೆ ಜಾರಿತೆಂದರೆ ಜಾರಿತು. ಮಧ್ಯಾಹ್ನದೊಳಗೆ ದನ ತುಳಿದು, ಗಾಳಿ ಬೀಸಿ, ಆ ಚಿತ್ರವು ಇಲ್ಲವಾಗುತ್ತದೆ, ಮರುದಿನ ಮತ್ತೊಂದು. ತನ್ನ ಕೈಗೆ ರಂಗೋಲಿ ಬರುವುದಿಲ್ಲವೆಂದು ಹೇಳಿ ಸುಮ್ಮನಾದ ಗೃಹಿಣಿಯನ್ನು ನಾನು ಕಂಡಿಲ್ಲ. ಏಕೆಂದರೆ ಅಲ್ಲಿ ಒಂದು ದಿನದ ಚಿತ್ರಕ್ಕೆ ಯಾರೂ ಅಂಕ ಕೊಡುವುದಿಲ್ಲ, ಯಾರೂ ಅದನ್ನು ಕಾಪಾಡುವುದೂ ಇಲ್ಲ. ಕೆಟ್ಟರೆ ನಾಳೆ ಇದೆ. ಕಲಿಯುವವನ ಮನಸ್ಸು ಹೀಗಿರಬೇಕು. ಕಸೂತಿಯಾದರೋ ಇನ್ನೂ ಕಠಿಣವಾದ ಶಿಸ್ತು: ಬಟ್ಟೆಯ ಮೇಲೆ ಮೊದಲು ನಕಾಶೆಯನ್ನು ಬರೆದುಕೊಳ್ಳದೆ, ಎಳೆಗಳನ್ನೆಣಿಸಿ, ಗಂಟುಹಾಕದೆ, ಗೋಪುರವನ್ನೂ ಆನೆಯನ್ನೂ ತೇರನ್ನೂ ಹೊಲಿಯುತ್ತಾರೆ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡು ಮಗ್ಗುಲೂ ಒಂದೇ ರೀತಿ ಕಾಣುತ್ತವೆ.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಬಿಡದೆ ಹೇಳಬೇಕು. ರಂಗೋಲಿಯಿಂದ ಕೈಯ ಧೈರ್ಯವೂ ಎಣಿಕೆಯೂ ಬರುತ್ತವೆ. ಎದುರಿಗಿರುವುದನ್ನು ನೋಡುವ ವಿದ್ಯೆ ಬರುವುದಿಲ್ಲ, ಏಕೆಂದರೆ ಅಲ್ಲಿ ಎದುರಿಗೆ ಏನೂ ಇರುವುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಈ ಭೇದವನ್ನು ಸೊಗಸಾಗಿ ಮಾಡಿದೆ. ಕನ್ನಡಿಯಲ್ಲಿನ ಬಿಂಬದಂತೆ ವಸ್ತುವನ್ನು ಹೋಲುವುದು ವಿದ್ಧಚಿತ್ರ. ಬಣ್ಣದ ಪುಡಿಗಳಿಂದ ಮಾಡುವುದು ಧೂಳಿಚಿತ್ರ. ವಿಜ್ಞಾನದ ವಿದ್ಯಾರ್ಥಿಗೆ ಬೇಕಾದದ್ದು ಧೂಳಿಚಿತ್ರ ಬರೆಯುವವಳ ಮನಸ್ಸು, ವಿದ್ಧಚಿತ್ರ ಬರೆಯುವವನ ಕಣ್ಣು.

ಆ ಕಣ್ಣಿಗೆ ಮುಧೋಳದವರ ಬಳಿ ಒಳ್ಳೆಯ ಪರೀಕ್ಷಕನೊಬ್ಬನಿದ್ದಾನೆ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ಮುಧೋಳ ನಾಯಿಯನ್ನು ಆ ಊರಿನ ಹುಡುಗರಿಗೆ ನೆನಪಿನಿಂದ ಬರೆಯಹೇಳಿದರೆ ಯಾವುದೋ ಬೀದಿನಾಯಿಯನ್ನು ಬರೆದು ಕೊಡುತ್ತಾರೆ. ಎದುರಿಗೆ ನಿಲ್ಲಿಸಿಕೊಂಡು ಪೆನ್ಸಿಲಿನಿಂದ ಅಳೆದಾಗ ಮಾತ್ರ ತಲೆಯ ಕಿರಿದಾದ ಉದ್ದ, ಎದೆಯ ಆಳ, ಒಮ್ಮೆಲೇ ಮೇಲಕ್ಕೆ ಸೆಳೆದುಕೊಂಡ ಹೊಟ್ಟೆ, ಕಾಲುಗಳ ಎತ್ತರ ಇವು ಕಾಗದಕ್ಕೆ ಬರುತ್ತವೆ. ಅದು ಓಡುವುದಕ್ಕೆ ಹುಟ್ಟಿದ ಪ್ರಾಣಿಯೆಂಬುದು ಆಗ ಗೆರೆಯಲ್ಲಿಯೇ ತಿಳಿಯುತ್ತದೆ. ನಾಯಿ ನಿಂತಲ್ಲಿ ನಿಲ್ಲುವುದಿಲ್ಲವೆಂಬ ಆಕ್ಷೇಪಣೆ ಬರುತ್ತದೆ. ನಿಲ್ಲಬೇಕಾಗಿಲ್ಲ, ಅರ್ಧಕ್ಕೆ ಬಿಟ್ಟ ಹತ್ತು ಚಿತ್ರಗಳು ಮುಗಿಸಿದ ಒಂದಕ್ಕಿಂತ ಹೆಚ್ಚು ಕಲಿಸುತ್ತವೆ.

ಬೀಳಗಿ ತಾಲ್ಲೂಕಿನವರಿಗೆ ನೀರು ಹತ್ತಿರ. ಚಿಕ್ಕಸಂಗಮದಲ್ಲಿ ಘಟಪ್ರಭೆಯು ಕೃಷ್ಣೆಯನ್ನು ಕೂಡುವೆಡೆ, ಗಾಳಿಯಿಲ್ಲದ ಬೆಳಗಿನಲ್ಲಿ ಎಮ್ಮೆಯೊಂದು ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿರುವುದನ್ನು ದಡದ ಮೇಲಿನಿಂದ ನೋಡಿ ಬರೆಯಿರಿ. ಎಲ್ಲರೂ ಎಮ್ಮೆಯನ್ನು ಬರೆದು, ಅದನ್ನೇ ತಲೆಕೆಳಗಾಗಿ ಮತ್ತೊಮ್ಮೆ ಬರೆದುಬಿಡುತ್ತಾರೆ. ನೀರಿನಲ್ಲಿ ಕಾಣುವುದು ಅದಲ್ಲ. ನೀರಿನ ಮೇಲೆ ನಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆಯೋ ನೀರಿನ ಕೆಳಗೆ ಅಷ್ಟೇ ಆಳದಲ್ಲಿ ಕಣ್ಣಿಟ್ಟು ಮೇಲಕ್ಕೆ ನೋಡಿದರೆ ಹೇಗೋ ಹಾಗೆ ಬಿಂಬವಿರುತ್ತದೆ. ನೇರ ನೋಟದಲ್ಲಿ ಎಮ್ಮೆಯ ಬೆನ್ನು ಕಂಡರೆ ನೀರಿನಲ್ಲಿ ಅದರ ಹೊಟ್ಟೆಯೂ ಗದ್ದವೂ ಕಾಣುತ್ತವೆ. ಪರಾವರ್ತನೆಯ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವರೂ ಇದನ್ನು ನಂಬಲಿಕ್ಕೆ ನದಿಯವರೆಗೆ ಹೋಗಿಬರಬೇಕಾಯಿತು.

ಇಷ್ಟೆಲ್ಲ ಏಕೆ, ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೆ ಎಂದು ಕೇಳುವವರಿದ್ದಾರೆ. ನಮ್ಮ ಭಾಗದಲ್ಲಿ ಚಿತ್ರವನ್ನೂ 'ತೆಗೆಯುತ್ತೇವೆ', ಫೋಟೋವನ್ನೂ 'ತೆಗೆಯುತ್ತೇವೆ'. ಮಾತು ಒಂದೇ ಆದರೂ ಕೆಲಸ ಒಂದಲ್ಲ. ಫೋಟೋ ತೆಗೆಯುವವನು ನೋಡದೆಯೂ ತೆಗೆಯಬಹುದು. ಕರಿಹಲಗೆಯ ಚಿತ್ರವನ್ನು ಮೊಬೈಲಿಗೆ ಸೇರಿಸಿ ಮತ್ತೆ ತೆರೆಯದವರು ನಮ್ಮ ತರಗತಿಗಳಲ್ಲಿ ತುಂಬಿದ್ದಾರೆ. ಪೆನ್ಸಿಲು ಹಿಡಿದವನಾದರೋ ಪ್ರತಿ ಗೆರೆಗೂ ಒಮ್ಮೆ ವಸ್ತುವನ್ನು ಕೇಳಿಯೇ ತೀರಬೇಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಬರೆದುಕೊಂಡವರಿಗಿಂತ ಆ ಪದಗಳ ಚಿತ್ರವನ್ನು ತೆಗೆದವರಿಗೆ ಅವು ಹೆಚ್ಚು ನೆನಪಿನಲ್ಲಿ ಉಳಿದವು. ಚಿತ್ರವು ಚೆನ್ನಾಗಿರಲೇಬೇಕೆಂದೇನೂ ಇರಲಿಲ್ಲ. ಮಿದುಳಿನ ನರಕೋಶಗಳು ಒಂದೊಂದೂ ಬಿಡಿಬಿಡಿಯಾದ ಘಟಕವೆಂದು ತೋರಿಸಿ 1906ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ ಸ್ಪೇನಿನ ರಾಮೋನ್ ಇ ಕಹಾಲನು ಚಿತ್ರಕಾರನಾಗಬೇಕೆಂದಿದ್ದ ಹುಡುಗ. ತಂದೆಯು ಅವನನ್ನು ವೈದ್ಯಶಾಸ್ತ್ರಕ್ಕೆ ಎಳೆದನು. ಸೂಕ್ಷ್ಮದರ್ಶಕದ ಮುಂದೆ ಕೂತು ಅವನು ತೆಗೆದ ಚಿತ್ರಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿವೆ.

ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಟ್ಟುಬಿಡುವ ವಾಡಿಕೆಯನ್ನು ಎಲ್ಲರೂ ಬಲ್ಲರು. ಅದನ್ನು ಕಲೆಗಾಗಿ ಉಳಿಸಿರೆಂದು ಕೇಳುವ ಅಧಿಕಾರ ನನಗಿಲ್ಲ. ಭೌತವಿಜ್ಞಾನಕ್ಕಾಗಿ ಉಳಿಸಿರೆಂದು ಕೇಳುತ್ತೇನೆ. ಲೋಯರ್, ಹೈಯರ್ ಚಿತ್ರಕಲಾ ಪರೀಕ್ಷೆಗಳಿಗೆ ಮಕ್ಕಳನ್ನು ಕೂಡಿಸುವುದು ಒಳ್ಳೆಯದೇ, ಆದರೆ ಬರುವ ಚಿತ್ರವನ್ನು ಮೊದಲೇ ಬಾಯಿಪಾಠ ಮಾಡಿಸಿ ಕೂಡಿಸುವುದಾದರೆ ಬೀಕರಿಗೆ ನೇರಗೆರೆಯ ತಳವೇ ಗತಿ. ನಮ್ಮಂತಹ ಅಧ್ಯಾಪಕರು ಮಾಡಬಹುದಾದದ್ದು ಇನ್ನೂ ಸುಲಭ. ಜರ್ನಲಿನ ಚಿತ್ರವನ್ನು ಉಪಕರಣದ ಮುಂದೆ ಕೂತೇ ತೆಗೆಯಬೇಕು, ಕಣ್ಣು ಎಲ್ಲಿತ್ತೆಂಬುದನ್ನು ಪಕ್ಕದಲ್ಲಿ ಬರೆಯಬೇಕು ಎಂದು ಹೇಳಿದರೆ ಸಾಕು. ಸೊಟ್ಟಗಿದ್ದರೆ ಅಂಕ ಕಳೆಯತಕ್ಕದ್ದಲ್ಲ.

ಮನೆಯಲ್ಲಿ ನಾನು ದಿನಕ್ಕೆ ಹತ್ತು ನಿಮಿಷ ತಂಬಿಗೆಯನ್ನು ಬರೆಯುತ್ತೇನೆ, ಶಾಯಿಯ ಪೆನ್ನಿನಲ್ಲಿ. ಈಗ ಮೂರನೆಯ ನೋಟುಪುಸ್ತಕ. ಎಡಗಡೆಯ ಉಬ್ಬು ನನ್ನ ಕೈಯಲ್ಲಿ ಈಗಲೂ ಬಲಗಡೆಯದಕ್ಕಿಂತ ದೊಡ್ಡದಾಗುತ್ತದೆ. ಮೊದಲ ಪುಸ್ತಕವನ್ನು ತೆರೆದು ನೋಡಿದೆನು, ಅಲ್ಲಿಯೂ ಹಾಗೆಯೇ ಇದೆ, ಆದರೆ ಆಗ ಅದು ನನಗೆ ಕಾಣುತ್ತಿರಲಿಲ್ಲ. ಕಾಲೇಜಿನಲ್ಲಿ ಈ ವರ್ಷ ಬೀಕರನ್ನು ಮೇಜಿನ ಮೇಲಿಡುವುದಕ್ಕೆ ಮೊದಲು ಎಲ್ಲರ ರಬ್ಬರುಗಳನ್ನೂ ತರಿಸಿ ನನ್ನ ಮೇಜಿನ ಖಾನೆಗೆ ಹಾಕಿಕೊಂಡೆನು. ಸ್ವಲ್ಪ ಹೊತ್ತು ಯಾರೂ ಗೆರೆ ಎಳೆಯಲಿಲ್ಲ. ಆಮೇಲೆ ಕಿಟಕಿಯ ಬಳಿಯ ಹುಡುಗನೊಬ್ಬನು ಬೀಕರಿನ ತಳಕ್ಕೆ ಒಂದು ನೇರಗೆರೆ ಹಾಕಿ, ಎದ್ದು ನಿಂತು ನೋಡಿ, ಕೂತು, ಅದರ ಕೆಳಗೆ ಬಾಗಿದ ಗೆರೆಯೊಂದನ್ನು ಹಾಕಿ, ಮತ್ತೆ ಎದ್ದು ನೋಡಿ, ಅದರ ಕೆಳಗೆ ಇನ್ನೊಂದನ್ನು ಹಾಕಿದನು.